ಮೊಸೆಲ್: ಹುಳಿ ಉಳಿಸಿಕೊಂಡ ಕಣಿವೆ

ಅಕ್ಟೋಬರ್ ತಿಂಗಳ ನಡುವಿನ ಒಂದು ದಿನ, ನಡುಹಗಲು. ಬೆಂಗಳೂರಿನಲ್ಲಿ ನಿಂತವರಿಗೆ ಸೂರ್ಯ ನೆತ್ತಿಯಿಂದ ಸುಮಾರು 21 ಡಿಗ್ರಿ ದಕ್ಷಿಣಕ್ಕೆ ಸರಿದಿರುತ್ತಾನೆ, ಅಷ್ಟೇ. ಅದೇ ದಿನ ಜರ್ಮನಿಯ ಪಶ್ಚಿಮ ಅಂಚಿನ ಮೊಸೆಲ್ ನದಿಯ ದಂಡೆಯಲ್ಲಿ, 50 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ, ಸೂರ್ಯ ದಿಗಂತದಿಂದ ಮೂವತ್ತೊಂದೂವರೆ ಡಿಗ್ರಿ ಮೇಲೇರುತ್ತಾನೆ, ಅಲ್ಲಿಂದಲೇ ಇಳಿಯತೊಡಗುತ್ತಾನೆ. ಇಷ್ಟು ವಾರೆಯಾಗಿ ಬೀಳುವ ಬಿಸಿಲು ಸಮತಟ್ಟಾದ ನೆಲದ ಮೇಲೆ ಅಗಲವಾಗಿ ಹರಡಿಹೋಗುತ್ತದೆ. ನೇರವಾಗಿ ಬಿದ್ದಿದ್ದರೆ ಒಂದು ಚದರ ಮೀಟರಿಗೆ ಸಿಗಬಹುದಾಗಿದ್ದ ಶಾಖದಲ್ಲಿ ಅರ್ಧದಷ್ಟೇ ಅಲ್ಲಿನ ಬಯಲಿಗೆ ದಕ್ಕುತ್ತದೆ. ದ್ರಾಕ್ಷಿ ಹಣ್ಣಾಗಬೇಕಾದ ಕಾಲವೂ ಇದೇ. ಇಷ್ಟು ಬಡಕಲು ಬಿಸಿಲಿನಲ್ಲಿ ದ್ರಾಕ್ಷಿ ಹಣ್ಣಾಗುವುದೇ ಕಷ್ಟ. ಆದರೂ ಜಗತ್ತಿನ ಅತ್ಯುತ್ತಮ ಬಿಳಿ ವೈನುಗಳಲ್ಲಿ ಒಂದಾದ ರೀಸ್ಲಿಂಗ್ ತನ್ನ ಪೂರ್ಣ ರೂಪವನ್ನು ಪಡೆಯುವುದು ಈ ಕಣಿವೆಯಲ್ಲಿ. ಹೇಗೆ ಎನ್ನುವುದೇ ಈ ಅಧ್ಯಾಯದ ವಿಷಯ. ವೈನ್ ಮುಟ್ಟದವರೂ ಇದನ್ನು ಓದಬಹುದು. ಇದು ಮುಖ್ಯವಾಗಿ ಒಂದು ಗಿಡ, ಒಂದು ಕಲ್ಲು ಮತ್ತು ಕೆಲವೇ ಡಿಗ್ರಿ ಉಷ್ಣಾಂಶದ ಕಥೆ.

ಮೊದಲಿಗೆ ಇಳಿಜಾರು. ನೆಲವನ್ನೇ ದಕ್ಷಿಣದ ಕಡೆಗೆ 40 ಡಿಗ್ರಿ ಓರೆಯಾಗಿ ಎತ್ತಿ ನಿಲ್ಲಿಸಿದರೆ ಅದೇ ಅಕ್ಟೋಬರ್ ಸೂರ್ಯನ ಕಿರಣ ಅದರ ಮೇಲೆ ಹೆಚ್ಚೂಕಡಿಮೆ ನೇರವಾಗಿ ಬೀಳುತ್ತದೆ. ಲೆಕ್ಕ ಹಾಕಿದರೆ ಬಯಲಿಗೆ ಸಿಗುವುದಕ್ಕಿಂತ ಸುಮಾರು ಒಂದೂ ಮುಕ್ಕಾಲು ಪಟ್ಟು ಬಿಸಿಲು ಈ ಇಳಿಜಾರಿಗೆ ಸಿಗುತ್ತದೆ. ಮೊಸೆಲ್ ಮಾಡಿಕೊಟ್ಟಿರುವ ಉಪಕಾರ ಇದೇ. ಫ್ರಾನ್ಸಿನ ವೋಜ್ ಬೆಟ್ಟಸಾಲಿನಲ್ಲಿ ಹುಟ್ಟಿ, ಲಕ್ಸೆಂಬರ್ಗಿನ ಗಡಿಯನ್ನು ತಾಕಿ, ಟ್ರಿಯರ್ ಪಟ್ಟಣವನ್ನು ದಾಟಿ, ಕೊಬ್ಲೆನ್ಸಿನಲ್ಲಿ ರೈನ್ ನದಿಯನ್ನು ಸೇರುವ ಈ ನದಿ ಸುಮಾರು 545 ಕಿಲೋಮೀಟರ್ ಹರಿಯುತ್ತದೆ. ಟ್ರಿಯರ್‌ನಿಂದ ಕೊಬ್ಲೆನ್ಸಿನವರೆಗಿನ ಪಾತ್ರವಂತೂ ಬರೀ ತಿರುವುಗಳು. ನದಿ ಉತ್ತರಕ್ಕೆ ಹೋಗುತ್ತದೆ, ಸರಕ್ಕನೆ ದಕ್ಷಿಣಕ್ಕೆ ತಿರುಗುತ್ತದೆ, ಹೊರಟ ಜಾಗದ ಹತ್ತಿರಕ್ಕೇ ಮತ್ತೆ ಬರುತ್ತದೆ. ಒಂದೊಂದು ತಿರುವಿನಲ್ಲೂ ಗಟ್ಟಿ ಬಂಡೆಯನ್ನು ಕೊರೆದು ಒಂದು ಕಡಿದಾದ ಗೋಡೆಯನ್ನು ಬಿಟ್ಟುಹೋಗಿದೆ. ದಕ್ಷಿಣಕ್ಕೋ ನೈಋತ್ಯಕ್ಕೋ ಮುಖ ಮಾಡಿದ ಗೋಡೆಗಳ ಮೇಲೆಲ್ಲ ದ್ರಾಕ್ಷಿ. ಎದುರು ದಂಡೆಯ ಉತ್ತರಮುಖದ ಇಳಿಜಾರಿನಲ್ಲಿ ಕಾಡು. ದಿಕ್ಸೂಚಿ ಇಲ್ಲದಿದ್ದರೂ ಈ ಕಣಿವೆಯಲ್ಲಿ ಯಾರೂ ದಿಕ್ಕು ತಪ್ಪಲಾರರು.

ಬ್ರೆಮ್ ಎಂಬ ಹಳ್ಳಿಯ ಮೇಲಿರುವ ಕಾಲ್ಮೊಂಟ್ ಗುಡ್ಡದ ಇಳಿಜಾರು ಕೆಲವು ಕಡೆ 65 ಡಿಗ್ರಿ ಮುಟ್ಟುತ್ತದೆ. ಯುರೋಪಿನ ಅತಿ ಕಡಿದಾದ ದ್ರಾಕ್ಷಿ ತೋಟ ಅದು. ಅಲ್ಲಿ ಟ್ರ್ಯಾಕ್ಟರ್ ನಿಲ್ಲುವುದಿಲ್ಲ. ಮನುಷ್ಯ ನಿಲ್ಲುವುದೇ ಕಷ್ಟ. ಒಣಕಲ್ಲಿನ ಗೋಡೆ ಕಟ್ಟಿ, ಅದರ ಹಿಂದೆ ಹಿಡಿಯಷ್ಟು ಮಣ್ಣು ನಿಲ್ಲಿಸಿ, ನಾಲ್ಕೈದು ಬಳ್ಳಿ ನೆಟ್ಟಿರುತ್ತಾರೆ. ಬಳ್ಳಿಗಳನ್ನು ನಮ್ಮ ಕಡೆಯಂತೆ ಚಪ್ಪರಕ್ಕೆ ಹಬ್ಬಿಸುವುದಿಲ್ಲ. ಹಳೆಯ ಪದ್ಧತಿಯ ತೋಟಗಳಲ್ಲಿ ಒಂದು ಬಳ್ಳಿಗೆ ಆಳೆತ್ತರದ ಒಂದೇ ಗೂಟ. ಚಳಿಗಾಲದಲ್ಲಿ ಚಾಟ್ನಿ ಮಾಡುವಾಗ ಎರಡು ಉದ್ದ ಕಡ್ಡಿಗಳನ್ನು ಮಾತ್ರ ಉಳಿಸಿ, ಒಂದನ್ನು ಎಡಕ್ಕೂ ಒಂದನ್ನು ಬಲಕ್ಕೂ ಬಗ್ಗಿಸಿ, ಎರಡರ ತುದಿಯನ್ನೂ ಗೂಟದ ಬುಡದ ಹತ್ತಿರ ಕಟ್ಟುತ್ತಾರೆ. ದೂರದಿಂದ ನೋಡಿದರೆ ಹೃದಯದ ಆಕಾರ ಕಾಣುತ್ತದೆ. ಅಂದಕ್ಕಾಗಿ ಮಾಡಿದ್ದಲ್ಲ ಅದು. ಸಾಲಿಗೆ ತಂತಿ ಎಳೆದರೆ ಕೆಲಸಗಾರರು ಮೇಲೆ ಕೆಳಗೆ ಮಾತ್ರ ಹೋಗಬಹುದು. ಒಂಟಿ ಗೂಟವಾದರೆ ಗುಡ್ಡದ ಅಡ್ಡಕ್ಕೂ ನಡೆಯಬಹುದು. ಇಂಥ ಕಡಿದಾದ ಜಾಗದಲ್ಲಿ ಅಡ್ಡ ನಡೆಯುವ ಅವಕಾಶ ಅಂದರೆ ಮೊಣಕಾಲು ಉಳಿದಂತೆ.

ಎರಡನೆಯದು ಕಲ್ಲು. ಈ ಗುಡ್ಡಗಳು ಸ್ಲೇಟಿನವು. ಶಾಲೆಯಲ್ಲಿ ಬಳಪ ಹಿಡಿದು ನಾವು ಅಕ್ಷರ ತೀಡಿದ ಕರಿಯ ಸ್ಲೇಟು ಇದೆಯಲ್ಲ, ಅದೇ ಜಾತಿಯ ಕಲ್ಲು. ಸುಮಾರು 40 ಕೋಟಿ ವರ್ಷಗಳ ಹಿಂದೆ, ಡೆವೋನಿಯನ್ ಯುಗದಲ್ಲಿ, ಇಲ್ಲಿದ್ದ ಸಮುದ್ರದ ತಳದಲ್ಲಿ ನುಣುಪಾದ ಕೆಸರು ಪದರಪದರವಾಗಿ ಕೂತಿತು. ಮುಂದೆ ಭೂಫಲಕಗಳು ಒತ್ತಿಕೊಂಡಾಗ ಆ ಕೆಸರುಗಲ್ಲು ಶಾಖಕ್ಕೂ ಒತ್ತಡಕ್ಕೂ ಸಿಕ್ಕಿ ಸ್ಲೇಟಾಯಿತು. ಹಾಳೆಯಂತೆ ಸೀಳುವುದು ಅದರ ಗುಣ. ತೋಟದ ನೆಲದಲ್ಲಿ ಮಣ್ಣಿಗಿಂತ ಹೆಚ್ಚಾಗಿ ಕಾಣುವುದು ಇದರ ಚಕ್ಕೆಗಳೇ. ಹೆಚ್ಚಿನ ಕಡೆ ನೀಲಿ ಬೂದು ಬಣ್ಣ. ಊರ್ಸಿಗ್ ಎಂಬ ಹಳ್ಳಿಯ ಸುತ್ತ ಮಾತ್ರ ಕೆಂಪು. ಗಾಢ ಬಣ್ಣದ ಈ ಚಕ್ಕೆ ಹಗಲಿಡೀ ಬಿಸಿಲು ಹೀರುತ್ತದೆ, ಸಂಜೆಯ ಮೇಲೆ ಆ ಶಾಖವನ್ನು ಬಳ್ಳಿಯ ಬುಡಕ್ಕೆ ಬಿಟ್ಟುಕೊಡುತ್ತದೆ. ಮಳೆ ಬಂದರೆ ನೀರು ನಿಲ್ಲದೆ ಸೋಸಿಹೋಗುತ್ತದೆ. ಚಕ್ಕೆಗಳ ಹೊದಿಕೆ ಇರುವುದರಿಂದ ಅಡಿಯ ತೇವ ಬೇಗ ಆರುವುದೂ ಇಲ್ಲ. ಮಳೆಗೆ ಜಾರಿಹೋದ ಸ್ಲೇಟನ್ನು ತೋಟದವರು ಹೊತ್ತು ತಂದು ಮತ್ತೆ ಮೇಲೆ ಹರಡುತ್ತಿದ್ದರು ಎಂದರೆ ಅದರ ಬೆಲೆ ಅವರಿಗೆ ಎಷ್ಟು ಗೊತ್ತಿತ್ತು ಎಂದು ಊಹಿಸಬಹುದು.

ಹತ್ತೊಂಬತ್ತನೆಯ ಶತಮಾನದಲ್ಲಿ ಅಮೆರಿಕದಿಂದ ಬಂದ ಫಿಲಾಕ್ಸೆರಾ ಎಂಬ ಬೇರುಹೇನು ಯುರೋಪಿನ ದ್ರಾಕ್ಷಿಯನ್ನೆಲ್ಲ ಮುಗಿಸುತ್ತಾ ಬಂತು. ಅಮೆರಿಕದ ಬಳ್ಳಿಯ ಬೇರಿನ ಮೇಲೆ ಯುರೋಪಿನ ಬಳ್ಳಿಯನ್ನು ಕಸಿ ಕಟ್ಟುವುದೊಂದೇ ದಾರಿಯಾಯಿತು. ಮೊಸೆಲ್‌ನ ಸ್ಲೇಟು ನೆಲದಲ್ಲಿ ಮಾತ್ರ ಆ ಹೇನು ಸುಲಭವಾಗಿ ಓಡಾಡಲಾಗಲಿಲ್ಲ. ಆದ್ದರಿಂದ ಇಲ್ಲಿ ನೂರು ವರ್ಷ ದಾಟಿದ ಬಳ್ಳಿಗಳು ಕಸಿಯಿಲ್ಲದೆ ತಮ್ಮ ಸ್ವಂತ ಬೇರಿನ ಮೇಲೆ ಇನ್ನೂ ನಿಂತಿವೆ. ಯುರೋಪಿನಲ್ಲಿ ಇದು ಬಹಳ ಅಪರೂಪ.

ಇಲ್ಲಿ ಒಂದು ಮಾತನ್ನು ಸ್ಪಷ್ಟವಾಗಿ ಹೇಳಬೇಕು. ಮೊಸೆಲ್ ರೀಸ್ಲಿಂಗ್ ಬಗ್ಗೆ ಬರೆಯುವವರಲ್ಲಿ ಅನೇಕರು 'ಗ್ಲಾಸಿನಲ್ಲಿ ಸ್ಲೇಟಿನ ರುಚಿ ಸಿಗುತ್ತದೆ' ಎನ್ನುತ್ತಾರೆ. ಕೇಳಲು ಚೆನ್ನಾಗಿದೆ, ಆದರೆ ಗಿಡ ಹಾಗೆ ಕೆಲಸ ಮಾಡುವುದಿಲ್ಲ. ಬೇರು ಕಲ್ಲನ್ನು ಹೀರುವುದಿಲ್ಲ. ನೀರಿನಲ್ಲಿ ಕರಗಿದ ಪೊಟ್ಯಾಸಿಯಂ, ಕ್ಯಾಲ್ಸಿಯಂ, ಮೆಗ್ನೀಸಿಯಂ ಅಯಾನುಗಳನ್ನು ಹೀರುತ್ತದೆ. ವೈನಿನಲ್ಲಿ ಅವು ಇರುವ ಪ್ರಮಾಣ ನಾಲಿಗೆಗೆ ತಿಳಿಯುವಂಥದ್ದಲ್ಲ. ಒಣ ಸ್ಲೇಟಿಗಂತೂ ವಾಸನೆಯೂ ಇಲ್ಲ, ರುಚಿಯೂ ಇಲ್ಲ. ಕಲ್ಲಿನಿಂದ ವೈನಿಗೆ ಸಿಗುವುದು ಬಿಸಿ, ಬಸಿಯುವ ನೀರು, ಬಡ ಗೊಬ್ಬರ. ಈ ಮೂರೂ ಸೇರಿ ಹಣ್ಣು ಮಾಗುವ ರೀತಿಯನ್ನು ಬದಲಿಸುತ್ತವೆ, ಮಾಗುವ ರೀತಿ ರುಚಿಯನ್ನು ಬದಲಿಸುತ್ತದೆ. ನಿಜವಾದ ಈ ದಾರಿಯೇ ಆ ಕವಿಸಮಯಕ್ಕಿಂತ ಹೆಚ್ಚು ಸೋಜಿಗದ್ದು ಎಂದು ನನಗನ್ನಿಸುತ್ತದೆ.

ಮೂರನೆಯದು ನದಿ. ನೀರು ನಿಧಾನವಾಗಿ ಕಾಯುತ್ತದೆ, ನಿಧಾನವಾಗಿ ಆರುತ್ತದೆ. ಕಣಿವೆಯ ತಳದ ರಾತ್ರಿಗಳ ಕೊರೆಯನ್ನು ಅದು ಅಷ್ಟಿಷ್ಟು ಕಡಿಮೆ ಮಾಡುತ್ತದೆ. ವಾರೆ ಬಿಸಿಲನ್ನು ಗುಡ್ಡದ ಕಡೆಗೆ ಮರಳಿ ಎರಚುತ್ತದೆ. ಶರತ್ಕಾಲದ ಬೆಳಗಿನಲ್ಲಿ ಮಂಜನ್ನೂ ಎಬ್ಬಿಸುತ್ತದೆ. ಆ ಮಂಜಿನ ತೇವದಲ್ಲಿ ಗೊಂಚಲಿಗೆ ಬೋಟ್ರೈಟಿಸ್ ಎಂಬ ಬೂಷ್ಟು ಹಿಡಿಯುತ್ತದೆ. ಕಾಯಿಗೆ ಹಿಡಿದರೆ ಬೆಳೆ ಹಾಳು. ಚೆನ್ನಾಗಿ ಮಾಗಿದ ಹಣ್ಣಿಗೆ ಹಿಡಿದು ಆಮೇಲೆ ಒಣ ಹವೆ ಬಂದರೆ ಅದೇ ಬೂಷ್ಟು ಸಿಪ್ಪೆಯನ್ನು ತೂತು ಮಾಡಿ ನೀರನ್ನು ಹೊರಗೆ ಬಿಡುತ್ತದೆ. ಹಣ್ಣು ಒಣದ್ರಾಕ್ಷಿಯಂತೆ ಮುದುಡಿ, ಸಕ್ಕರೆ ಹುಳಿ ಎರಡೂ ಸಾಂದ್ರವಾಗುತ್ತವೆ. ಅಂಥ ಹಣ್ಣನ್ನು ಒಂದೊಂದಾಗಿ ಆರಿಸಿ ಮಾಡಿದ ವೈನಿಗೆ ಚಿನ್ನದ ಬೆಲೆ.

ಈ ಇಳಿಜಾರನ್ನು ಮೊದಲು ಗುರುತಿಸಿದವರು ರೋಮನ್ನರು. ಟ್ರಿಯರ್ ಅವರ ಸಾಮ್ರಾಜ್ಯದ ದೊಡ್ಡ ನಗರಗಳಲ್ಲಿ ಒಂದಾಗಿತ್ತು. ಚಕ್ರವರ್ತಿಗಳು ಅಲ್ಲಿ ವಾಸವಾಗಿದ್ದರು. ರಾಜಕುಮಾರನಿಗೆ ಪಾಠ ಹೇಳಲು ಬೋರ್ಡೋ ಕಡೆಯಿಂದ ಬಂದ ಕವಿ ಆಸೋನಿಯಸ್ ಕ್ರಿ.ಶ. 371ರ ಸುಮಾರಿಗೆ ಈ ನದಿಯ ಮೇಲೆಯೇ ಒಂದು ದೀರ್ಘ ಕಾವ್ಯ ಬರೆದ. ನೀರಿನಲ್ಲಿ ದ್ರಾಕ್ಷಿ ಗುಡ್ಡಗಳ ನೆರಳು ಅಲುಗುವುದನ್ನು ಆತ ಅದರಲ್ಲಿ ವರ್ಣಿಸಿದ್ದಾನೆ. ಪೀಸ್‌ಪೋರ್ಟ್ ಎಂಬ ಹಳ್ಳಿಯ ತೋಟದ ಬುಡದಲ್ಲಿ 1985ರಲ್ಲಿ ನೆಲ ಅಗೆದಾಗ ನಾಲ್ಕನೆಯ ಶತಮಾನದ ರೋಮನ್ ದ್ರಾಕ್ಷಿ ಗಾಣವೇ ಹೊರಬಂತು: ಹಣ್ಣು ತುಳಿಯುವ ತೊಟ್ಟಿ, ರಸ ಇಳಿಯುವ ತೊಟ್ಟಿ, ಎಲ್ಲವೂ ಕಲ್ಲಿನದು. ಅದರ ಮೇಲಿನ ಇಳಿಜಾರಿನಲ್ಲಿ ಈಗಲೂ ದ್ರಾಕ್ಷಿಯೇ ಇದೆ.

ರೋಮನ್ನರು ಬೆಳೆದದ್ದು ರೀಸ್ಲಿಂಗ್ ಅಲ್ಲ. ಆ ಹೆಸರು ಮೊದಲು ಕಾಣುವುದು 1435ರ ಒಂದು ಲೆಕ್ಕಪತ್ರದಲ್ಲಿ. ರೈನ್ ಸೀಮೆಯ ರೂಸೆಲ್ಸ್‌ಹೈಮ್‌ನಲ್ಲಿ ಒಬ್ಬ ಜಮೀನ್ದಾರ ಕೌಂಟ್ ಬಳ್ಳಿಗಳನ್ನು ಕೊಂಡ ಖರ್ಚನ್ನು ಅವನ ಗುಮಾಸ್ತ ಬರೆದಿಟ್ಟಿದ್ದ. ಈ ತಳಿಯ ಒಂದು ಹೆತ್ತ ಬಳ್ಳಿ ಗೂಯೆ ಬ್ಲಾಂಕ್ ಎಂದು ಡಿಎನ್‌ಎ ಪರೀಕ್ಷೆಗಳು 1990ರ ದಶಕದ ಕೊನೆಯಲ್ಲಿ ತೋರಿಸಿದವು. ಮಧ್ಯಯುಗದ ಬಡ ರೈತರು ಬೆಳೆಯುತ್ತಿದ್ದ ಆ ಒರಟು ತಳಿಯನ್ನು ಫ್ರಾನ್ಸಿನ ಅಧಿಕಾರಿಗಳು ಕೀಳೆಂದು ಮತ್ತೆ ಮತ್ತೆ ನಿಷೇಧಿಸಿದ್ದರು. ಶಾರ್ಡನೇ ದ್ರಾಕ್ಷಿಗೂ ಅದೇ ಒಬ್ಬ ತಾಯಿಯೋ ತಂದೆಯೋ. ಜಗತ್ತಿನ ಎರಡು ಅತಿ ಗಣ್ಯ ಬಿಳಿ ದ್ರಾಕ್ಷಿಗಳು ಕೀಳೆನಿಸಿಕೊಂಡ ಒಂದೇ ಬಳ್ಳಿಯ ಮಕ್ಕಳು.

ರೀಸ್ಲಿಂಗ್‌ನ ಕಡ್ಡಿ ಗಟ್ಟಿ. ಚಳಿಗಾಲದ ಕೊರೆಯುವ ಹಿಮವನ್ನು ತಡೆಯುತ್ತದೆ. ವಸಂತದಲ್ಲಿ ಕಣ್ಣು ಒಡೆಯುವುದೂ ತಡ, ಹಣ್ಣಾಗುವುದೂ ತಡ. ಕಣ್ಣು ತಡವಾಗಿ ಒಡೆದರೆ ಏಪ್ರಿಲ್ ಕೊನೆಯ ಹಿಮಕ್ಕೆ ಚಿಗುರು ಸುಡುವ ಅಪಾಯ ಕಡಿಮೆ. ನಮ್ಮ ರೈತರು ಭರಣಿ, ಕೃತ್ತಿಕೆ ಎಂದು ಮಳೆನಕ್ಷತ್ರಗಳನ್ನು ಎಣಿಸಿ ಬಿತ್ತನೆಗೆ ಇಳಿಯುವಂತೆ ಅಲ್ಲಿನ ರೈತರು ಮೇ 11ರಿಂದ 15ರವರೆಗೆ ಬರುವ 'ಹಿಮದ ಸಂತರ' ದಿನಗಳನ್ನು ಎಣಿಸುತ್ತಾರೆ. ಕೊನೆಯವಳು 'ಚಳಿಯ ಸೋಫಿ'. ಅವಳು ಹೋದ ಮೇಲೆ ಹಿಮ ಬೀಳುವುದಿಲ್ಲ ಎಂದು ನಂಬಿಕೆ. ಜೂನ್ ನಡುವಿನಲ್ಲಿ ಹೂ, ಅಕ್ಟೋಬರಿನಲ್ಲಿ ಕೊಯ್ಲು. ನಡುವೆ ಸುಮಾರು ನಾಲ್ಕು ತಿಂಗಳು. ಟ್ರಿಯರ್‌ನ ಧರ್ಮಾಧಿಕಾರಿ ರಾಜ ಕ್ಲೆಮೆನ್ಸ್ ವೆನ್ಸೆಸ್ಲಾಸ್ 1787ರಲ್ಲಿ ಕೀಳು ತಳಿಗಳನ್ನೆಲ್ಲ ಕಿತ್ತು ಒಳ್ಳೆಯ ತಳಿ ನೆಡಬೇಕೆಂದು ಆಜ್ಞೆ ಹೊರಡಿಸಿದ. ಈ ಕಣಿವೆಗೂ ರೀಸ್ಲಿಂಗಿಗೂ ಗಂಟು ಬಿದ್ದದ್ದು ಹೆಚ್ಚಾಗಿ ಆಗಲೇ.

ಈಗ ಹಣ್ಣಿನ ಒಳಗೆ ಹೋಗೋಣ, ಏಕೆಂದರೆ ನಿಜವಾದ ವಿಷಯ ಇರುವುದು ಅಲ್ಲಿ.

ದ್ರಾಕ್ಷಿ ಕಾಯಿಯಾಗಿದ್ದಾಗ ಅದರ ತುಂಬ ಎರಡು ಆಮ್ಲ. ಒಂದು ಟಾರ್ಟಾರಿಕ್. ಹುಣಸೆಹಣ್ಣಿನ ಹುಳಿಯೂ ಇದೇ. ಸಸ್ಯಲೋಕದಲ್ಲಿ ಈ ಆಮ್ಲವನ್ನು ಇಷ್ಟು ದೊಡ್ಡ ಪ್ರಮಾಣದಲ್ಲಿ ಕೂಡಿಡುವ ಹಣ್ಣುಗಳು ಬಹಳ ಇಲ್ಲ. ಇನ್ನೊಂದು ಮ್ಯಾಲಿಕ್, ಸೇಬಿನ ಕಾಯಿಯ ಹುಳಿ. ಕಾಯಿ ಮೆತ್ತಗಾಗತೊಡಗಿದಾಗ ಎಲೆಯಿಂದ ಸಕ್ಕರೆ ಹರಿದುಬರುತ್ತದೆ, ಹುಳಿ ಇಳಿಯುತ್ತದೆ. ಟಾರ್ಟಾರಿಕ್ ಆಮ್ಲವನ್ನು ಹಣ್ಣು ಹೆಚ್ಚು ಮುಟ್ಟುವುದಿಲ್ಲ. ಮ್ಯಾಲಿಕ್ ಆಮ್ಲವನ್ನು ಮಾತ್ರ ಉಸಿರಾಟಕ್ಕೆ ಇಂಧನವಾಗಿ ಉರಿಸುತ್ತದೆ. ಬಿಸಿ ಏರಿದಷ್ಟೂ ಈ ಉರಿ ಜೋರು. ಬಿಸಿನಾಡಿನಲ್ಲಿ ಸಕ್ಕರೆ ತುಂಬುವ ಹೊತ್ತಿಗೆ ಮ್ಯಾಲಿಕ್ ಬಹುಪಾಲು ಉರಿದುಹೋಗಿರುತ್ತದೆ. ಮೊಸೆಲ್‌ನ ಸೆಪ್ಟೆಂಬರ್ ಅಕ್ಟೋಬರ್ ರಾತ್ರಿಗಳು ಎಷ್ಟು ತಣ್ಣಗೆ ಅಂದರೆ ಉಸಿರಾಟ ಹೆಚ್ಚೂಕಡಿಮೆ ನಿಂತುಬಿಡುತ್ತದೆ. ಹಗಲು ಇಳಿಜಾರಿನ ಬಿಸಿಲಿಗೆ ಎಲೆ ಸಕ್ಕರೆ ಮಾಡುತ್ತದೆ, ಇರುಳು ಚಳಿ ಹುಳಿಯನ್ನು ಕಾಯುತ್ತದೆ. ಸಿಹಿಯೂ ಹುಳಿಯೂ ಎರಡೂ ಏರಿದ ಸ್ಥಿತಿಯಲ್ಲಿ ಹಣ್ಣು ಕೊಯ್ಲಿಗೆ ಬರುತ್ತದೆ. ಬಿಸಿಲನ್ನು ಗಳಿಸಲು ಇಷ್ಟೆಲ್ಲ ಪಾಡು ಪಡುವ ಕಣಿವೆಯ ನಿಜವಾದ ಆಸ್ತಿ ಅದರ ಚಳಿ ಎಂದು ನಾನು ಹೇಳುವುದು ಇದಕ್ಕೇ.

ಸಕ್ಕರೆ ಅಳೆಯುವ ಕ್ರಮವೂ ಅಲ್ಲಿ ಸರಳ. ಫೋರ್ಟ್ಸ್‌ಹೈಮ್ ಪಟ್ಟಣದ ಉಪಕರಣ ತಯಾರಕ ಫರ್ಡಿನಾಂಡ್ ಎಕ್ಸ್ಲೆ 19ನೆಯ ಶತಮಾನದ ಮೊದಲ ಭಾಗದಲ್ಲಿ ಬಳಕೆಗೆ ತಂದ ಮಾಪನ ಅದು. ಒಂದು ಲೀಟರ್ ದ್ರಾಕ್ಷಿರಸ ಒಂದು ಲೀಟರ್ ನೀರಿಗಿಂತ ಎಷ್ಟು ಗ್ರಾಂ ಹೆಚ್ಚು ತೂಗುತ್ತದೋ ಅಷ್ಟು ಡಿಗ್ರಿ. 1,080 ಗ್ರಾಂ ತೂಗಿದರೆ 80 ಡಿಗ್ರಿ ಎಕ್ಸ್ಲೆ. ಬಾಟಲಿಯ ಮೇಲೆ ಕಾಣುವ ಕಾಬಿನೆಟ್, ಷ್ಪೇಟ್‌ಲೇಸೆ, ಔಸ್‌ಲೇಸೆ ಮುಂತಾದ ಪದಗಳೆಲ್ಲ ಕೊಯ್ಯುವಾಗ ರಸ ಎಷ್ಟು ತೂಗಿತು ಎನ್ನುವ ಮೆಟ್ಟಿಲುಗಳು. 1971ರ ಜರ್ಮನ್ ವೈನ್ ಕಾಯ್ದೆ ಅವನ್ನು ಗಟ್ಟಿಗೊಳಿಸಿತು. ಕೊನೆಯ ಮೆಟ್ಟಿಲಾದ ಬೂಷ್ಟು ಹಿಡಿದು ಮುದುಡಿದ ಹಣ್ಣಿನ ವೈನಿಗೆ 150 ಡಿಗ್ರಿ ಬೇಕು.

ಇನ್ನು ಹುದುಗು. ಕೊಯ್ಲು ತಡ, ನೆಲಮಾಳಿಗೆ ತಣ್ಣಗೆ. ಸಾವಿರ ಲೀಟರಿನ ಓಕ್ ಪೀಪಾಯಿಯಲ್ಲಿ ಯೀಸ್ಟ್ ತೂಕಡಿಸುತ್ತಾ ಕೆಲಸ ಮಾಡಿ, ಚಳಿಗಾಲ ಬಲಿತಾಗ ಸಕ್ಕರೆ ಇನ್ನೂ ಇರುವಾಗಲೇ ನಿಂತುಬಿಡುತ್ತಿತ್ತು. ಈಗ ತಂಪಿನ ಯಂತ್ರ ಇಟ್ಟು ಬೇಕೆಂದಲ್ಲಿ ನಿಲ್ಲಿಸುತ್ತಾರೆ. ಯೀಸ್ಟ್ ಮೊದಲು ತಿನ್ನುವುದು ಗ್ಲೂಕೋಸನ್ನು. ಉಳಿಯುವ ಸಕ್ಕರೆಯಲ್ಲಿ ಹೆಚ್ಚಿನದು ಅದಕ್ಕಿಂತ ಸಿಹಿಯಾದ ಫ್ರಕ್ಟೋಸ್. ಹೀಗೆ ಸಿಗುವ ಸಾಂಪ್ರದಾಯಿಕ ಕಾಬಿನೆಟ್ ವೈನಿನಲ್ಲಿ ಆಲ್ಕೋಹಾಲ್ ಸುಮಾರು ಶೇಕಡ ಎಂಟು ಮಾತ್ರ. ಲೀಟರಿಗೆ ಸುಮಾರು 40 ಗ್ರಾಂ ಸಕ್ಕರೆ, ಎಂಟೊಂಬತ್ತು ಗ್ರಾಂ ಆಮ್ಲ. ಅಷ್ಟು ಸಕ್ಕರೆಯನ್ನು ಬರೀ ನೀರಿಗೆ ಹಾಕಿ ಕುಡಿದರೆ ಸಿಹಿ ಗಂಟಲಿಗೆ ಅಂಟುತ್ತದೆ. ಈ ವೈನಿನಲ್ಲಿ ಹಾಗಾಗುವುದಿಲ್ಲ. ಮೊದಲು ಸಿಹಿ ತಾಕುತ್ತದೆ, ಹಿಂದೆಯೇ ಹುಳಿ ಬಂದು ಅದನ್ನು ತೊಳೆದುಹಾಕಿ ಬಾಯಿಯನ್ನು ಚುರುಕಾಗಿ ಬಿಡುತ್ತದೆ. ಸಿಹಿಯಾದ ಬಿಳಿ ವೈನು ಅಂದರೆ ಅಗ್ಗದ್ದು ಎಂಬ ಅಭಿಪ್ರಾಯ ಇಪ್ಪತ್ತನೆಯ ಶತಮಾನದ ಉತ್ತರಾರ್ಧದಲ್ಲಿ ಹರಡಿ ಮೊಸೆಲ್‌ಗೆ ಬಹಳ ಹಾನಿ ಮಾಡಿತು. ಬಯಲಿನಲ್ಲಿ ಬೆಳೆದ ಬೇರೆ ತಳಿಗಳ ನೀರುನೀರಾದ ಸಿಹಿ ವೈನನ್ನು ಇದೇ ನದಿಯ ಹೆಸರಿನಲ್ಲಿ ರಾಶಿ ರಾಶಿ ಮಾರಿದ್ದು ಅದಕ್ಕೆ ಕಾರಣ. ಆ ಅಭಿಪ್ರಾಯವನ್ನು ಇಳಿಜಾರಿನ ರೀಸ್ಲಿಂಗಿಗೆ ಹಚ್ಚುವುದು ಅನ್ಯಾಯ.

ಹಳೆಯ ಬಾಟಲಿಯ ತಳದಲ್ಲಿ ಕೆಲವೊಮ್ಮೆ ಗಾಜಿನ ಪುಡಿಯಂತೆ ಹೊಳೆಯುವ ಹರಳು ಕೂತಿರುತ್ತದೆ. ಗ್ರಾಹಕರು ಗಾಬರಿಯಾಗುತ್ತಾರೆ. ಗಾಬರಿ ಬೇಡ. ಟಾರ್ಟಾರಿಕ್ ಆಮ್ಲ ಪೊಟ್ಯಾಸಿಯಂ ಜೊತೆ ಸೇರಿ ಚಳಿಗೆ ಹರಳುಗಟ್ಟಿದ್ದು ಅದು. ಪೀಪಾಯಿಯ ಒಳಗೋಡೆಗೂ ಇದೇ ಹರಳು ಪದರವಾಗಿ ಅಂಟುತ್ತದೆ. ವಿಜ್ಞಾನದ ಒಂದು ಮಹಾ ಆವಿಷ್ಕಾರ ಹೊರಬಿದ್ದದ್ದು ಈ ಕಸದಿಂದ. ಮೊಸೆಲ್ ಹುಟ್ಟುವ ಬುಸ್ಸಾಂಗ್ ಕಣಿವೆದಾರಿಯನ್ನು ಪೂರ್ವಕ್ಕೆ ದಾಟಿ ಇಳಿದರೆ ಆಲ್ಸೇಸಿನ ಥಾನ್ ಎಂಬ ಊರು ಸಿಗುತ್ತದೆ. ಅಲ್ಲಿನ ಕೆಸ್ಟ್ನರ್ ಎಂಬ ಕಾರ್ಖಾನೆದಾರ ವೈನಿನ ಈ ಹರಳಿನಿಂದ ಆಮ್ಲ ತೆಗೆಯುತ್ತಿದ್ದಾಗ, ರಾಸಾಯನಿಕವಾಗಿ ಟಾರ್ಟಾರಿಕ್ ಆಮ್ಲದಂತೆಯೇ ಇದ್ದರೂ ಬೆಳಕಿನ ವಿಚಾರದಲ್ಲಿ ಬೇರೆಯಾಗಿ ನಡೆಯುವ ಒಂದು ವಸ್ತು ಸಿಕ್ಕಿತು. ಮಾಮೂಲಿ ಟಾರ್ಟಾರಿಕ್ ಆಮ್ಲದ ದ್ರಾವಣ ಧ್ರುವೀಕೃತ ಬೆಳಕನ್ನು ಒಂದು ಬದಿಗೆ ತಿರುಗಿಸುತ್ತದೆ, ಇದು ತಿರುಗಿಸುತ್ತಿರಲಿಲ್ಲ. 1848ರಲ್ಲಿ ಪ್ಯಾರಿಸಿನಲ್ಲಿ ಇಪ್ಪತ್ತೈದು ವರ್ಷದ ಲೂಯಿ ಪಾಸ್ತರ್ ಆ ವಸ್ತುವಿನ ಲವಣವನ್ನು ಹರಳುಗಟ್ಟಿಸಿ ಸೂಕ್ಷ್ಮದರ್ಶಕದಡಿ ನೋಡಿದ. ಹರಳುಗಳಲ್ಲಿ ಎರಡು ಬಗೆ ಇದ್ದವು. ಎಡಗೈ ಬಲಗೈಗಳಂತೆ ಒಂದು ಇನ್ನೊಂದರ ಕನ್ನಡಿ ಬಿಂಬ. ಚಿಮಟ ಹಿಡಿದು ಒಂದೊಂದೇ ಹರಳನ್ನು ಬೇರ್ಪಡಿಸಿ ಎರಡು ಗುಡ್ಡೆ ಮಾಡಿದ. ಒಂದರ ದ್ರಾವಣ ಬೆಳಕನ್ನು ಬಲಕ್ಕೆ ತಿರುಗಿಸಿತು, ಇನ್ನೊಂದರದ್ದು ಎಡಕ್ಕೆ. ಒಂದೇ ಪರಮಾಣುಗಳಿಂದಾದ ಅಣುವಿಗೂ ಎಡಬಲ ಇರಬಹುದು ಎಂದು ಮನುಷ್ಯನಿಗೆ ಗೊತ್ತಾದದ್ದು ಅಂದು. ಇಂದು ಔಷಧ ಮಾಡುವವರು ಅಣುವಿನ ಎಡಬಲ ನೋಡದೆ ಒಂದು ಹೆಜ್ಜೆ ಇಡುವುದಿಲ್ಲ.

ಪರಿಮಳದ ರಸಾಯನವೂ ಅಷ್ಟೇ ಸ್ವಾರಸ್ಯದ್ದು. ಹೊಸ ರೀಸ್ಲಿಂಗಿನ ಹೂವಿನ ವಾಸನೆಗೆ ಮುಖ್ಯ ಕಾರಣ ಟರ್ಪೀನ್‌ಗಳು. ಅದರಲ್ಲಿನ ಲಿನಲೂಲ್ ನಮ್ಮ ಕೊತ್ತಂಬರಿ ಬೀಜದ ಮುಖ್ಯ ಪರಿಮಳ, ಜೆರಾನಿಯಾಲ್ ಗುಲಾಬಿಯಲ್ಲಿದೆ. ಇವುಗಳಲ್ಲಿ ಬಹುಭಾಗ ಹಣ್ಣಿನೊಳಗೆ ಸಕ್ಕರೆಯ ಅಣುವಿಗೆ ಕಟ್ಟಿಹಾಕಿಕೊಂಡಿರುತ್ತವೆ, ವಾಸನೆ ಕೊಡುವುದಿಲ್ಲ. ಬಾಟಲಿಯಲ್ಲಿ ವರ್ಷಗಟ್ಟಲೆ ಕೂತಾಗ ವೈನಿನ ಆಮ್ಲವೇ ಆ ಗಂಟನ್ನು ನಿಧಾನವಾಗಿ ಬಿಡಿಸುತ್ತದೆ. ಹುಳಿ ಹೆಚ್ಚಿದ ವೈನು ಬಹುಕಾಲ ಬಾಳುತ್ತದೆ ಎನ್ನುವುದಕ್ಕೆ ಇದೂ ಒಂದು ಕಾರಣ. ಇಪ್ಪತ್ತು ಮೂವತ್ತು ವರ್ಷ ಕಳೆದ ಒಳ್ಳೆಯ ಮೊಸೆಲ್ ರೀಸ್ಲಿಂಗ್ ಇನ್ನೂ ಜೀವಂತವಾಗಿರುವುದು ಅಪರೂಪವೇನಲ್ಲ.

ಹಳೆಯದಾದಾಗ ಇನ್ನೊಂದು ವಾಸನೆ ಏಳುತ್ತದೆ: ಸೀಮೆಎಣ್ಣೆಯದು. ಕೆಟ್ಟಿರಬೇಕು ಎಂದು ಹೊಸಬರು ಬಾಟಲಿ ಹಿಂದಿರುಗಿಸುವುದುಂಟು. ಅದರ ಅಣುವಿಗೆ ಟಿಡಿಎನ್ ಎಂದು ಚಿಕ್ಕ ಹೆಸರು. ಕ್ಯಾರೆಟ್ಟಿಗೆ ಬಣ್ಣ ಕೊಡುವ ಕ್ಯಾರೊಟಿನಾಯ್ಡ್ ಗುಂಪಿನ ವಸ್ತುಗಳು ದ್ರಾಕ್ಷಿಯಲ್ಲಿ ಒಡೆದು, ಆಮ್ಲದ ಸಹವಾಸದಲ್ಲಿ ಬದಲಾಗುತ್ತಾ ಕೊನೆಗೆ ಆ ರೂಪಕ್ಕೆ ಬರುತ್ತವೆ. ಲೀಟರಿಗೆ ಕೆಲವೇ ಮೈಕ್ರೋಗ್ರಾಂ ಇದ್ದರೂ ಮೂಗಿಗೆ ಗೊತ್ತಾಗುತ್ತದೆ. ಗೊಂಚಲಿನ ಮೇಲೆ ನೇರ ಬಿಸಿಲು ಹೆಚ್ಚು ಬಿದ್ದರೆ ಇದೂ ಹೆಚ್ಚು. ಹಾಗಾಗಿ ತಂಪು ಮೊಸೆಲ್‌ನಲ್ಲಿ ಇದು ನಿಧಾನವಾಗಿ, ಹಿತವಾಗಿ ಬರುತ್ತದೆ. ಆಸ್ಟ್ರೇಲಿಯಾದ ಬಿಸಿಲಿನ ರೀಸ್ಲಿಂಗಿನಲ್ಲಿ ಬೇಗ ಬರುತ್ತದೆ. ಒಂದು ವೈನಿನ ಮೂಗಿನಲ್ಲಿ ಅದು ಬೆಳೆದ ಬೇಸಿಗೆಯ ದಾಖಲೆ ಇರುತ್ತದೆ ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ನನಗೆ ಗೊತ್ತಿಲ್ಲ.

ನಂದಿ ಬೆಟ್ಟದ ತಪ್ಪಲಿನಲ್ಲೂ ವಿಜಯಪುರದಲ್ಲೂ ದ್ರಾಕ್ಷಿ ಬೆಳೆಯುವವರಿಗೆ ಮೊಸೆಲ್‌ನ ಪಂಚಾಂಗ ತಲೆಕೆಳಗಾಗಿ ಕಾಣಬಹುದು. ನಮ್ಮಲ್ಲಿ ಬಳ್ಳಿ ಚಳಿಗೆ ಮಲಗುವುದೇ ಇಲ್ಲ. ಏಪ್ರಿಲ್ ಸುಮಾರಿಗೆ ಒಂದು ಚಾಟ್ನಿ, ಮಳೆ ಮುಗಿಯುವಾಗ ಇನ್ನೊಂದು ಚಾಟ್ನಿ ಮಾಡಿ, ಹಣ್ಣು ಫೆಬ್ರವರಿ ಮಾರ್ಚ್ ಹೊತ್ತಿಗೆ ಬರುವಂತೆ ನಾವೇ ಕಾಲವನ್ನು ಹೊಂದಿಸಿಕೊಂಡಿದ್ದೇವೆ. ಸಕ್ಕರೆಗೆ ಇಲ್ಲಿ ಕೊರತೆಯಿಲ್ಲ, ಜಾರಿಹೋಗುವುದು ಹುಳಿ. ರಸಕ್ಕೆ ಟಾರ್ಟಾರಿಕ್ ಆಮ್ಲ ಸೇರಿಸುವುದು ಬಿಸಿನಾಡುಗಳ ವೈನ್ ತಯಾರಕರ ವಾಡಿಕೆ. ಮೊಸೆಲ್‌ನದು ಇದರ ತಿರುವುಮುರುವು ಚರಿತ್ರೆ. ಟ್ರಿಯರ್‌ನ ಲುಡ್ವಿಗ್ ಗಾಲ್ 1850ರ ದಶಕದಲ್ಲಿ ಹುಳಿ ತಡೆಯಲಾರದ ರಸಕ್ಕೆ ಸಕ್ಕರೆನೀರು ಬೆರೆಸುವ ವಿಧಾನವನ್ನು ಪ್ರಚಾರ ಮಾಡಿದ. ಅದರ ಹಿಂದೆ ದೊಡ್ಡ ಸಂಕಟವಿತ್ತು. 1834ರಲ್ಲಿ ಜರ್ಮನ್ ರಾಜ್ಯಗಳು ಸುಂಕದ ಒಕ್ಕೂಟ ಕಟ್ಟಿದಾಗ ದಕ್ಷಿಣದ ವೈನುಗಳು ಸುಂಕವಿಲ್ಲದೆ ಬಂದು, ಮೊಸೆಲ್ ರೈತರು ನೆಲಕಚ್ಚಿದರು. ಅವರ ಕಷ್ಟದ ಬಗ್ಗೆ, ಸರ್ಕಾರದ ಕಿವುಡುತನದ ಬಗ್ಗೆ 1843ರ ಜನವರಿಯಲ್ಲಿ ರೈನಿಷೆ ತ್ಸೈಟುಂಗ್ ಪತ್ರಿಕೆಯಲ್ಲಿ ಲೇಖನಗಳನ್ನು ಬರೆದ ಯುವಕ ಟ್ರಿಯರ್‌ನಲ್ಲೇ ಹುಟ್ಟಿದವನು. ಅವನ ಹೆಸರು ಕಾರ್ಲ್ ಮಾರ್ಕ್ಸ್.

ಅಂಥ ಹುಳಿ ಕಣಿವೆಯಲ್ಲಿ 2003ರ ಬೇಸಿಗೆ ಎಷ್ಟು ಬಿಸಿಯಾಯಿತೆಂದರೆ ರಸಕ್ಕೆ ಆಮ್ಲ ಸೇರಿಸಲು ಯುರೋಪಿಯನ್ ಒಕ್ಕೂಟ ಜರ್ಮನಿಗೆ ವಿಶೇಷ ಅನುಮತಿ ಕೊಡಬೇಕಾಯಿತು. ಅದು ಎಚ್ಚರಿಕೆಯ ಗಂಟೆಯಾಗಿತ್ತು. ಮುಂಚೆ ಹತ್ತು ವರ್ಷದಲ್ಲಿ ಕೆಲವೇ ವರ್ಷ ಚೆನ್ನಾಗಿ ಹಣ್ಣಾಗುತ್ತಿದ್ದ ಸಾರ್ ಉಪನದಿಯ ಚಳಿ ತೋಟಗಳಲ್ಲಿ ಈಗ ಬಹುತೇಕ ಪ್ರತಿ ವರ್ಷವೂ ಹಣ್ಣಾಗುತ್ತದೆ. ಇದರಿಂದ ಒಂದು ತಲೆಮಾರಿನ ಬೆಳೆಗಾರರಿಗೆ ಲಾಭವೇ ಆಗಿದೆ, ಅದನ್ನು ಮುಚ್ಚಿಡಬೇಕಾಗಿಲ್ಲ. ಆದರೆ ಬಿಸಿಲು ಹಿಡಿಯಲೆಂದು ಪೂರ್ವಿಕರು ಆರಿಸಿದ ಕಡಿದಾದ ದಕ್ಷಿಣದ ಗೋಡೆಗಳಲ್ಲಿ ಈಗ ಬಿಸಿಲಿಗೆ ಹಣ್ಣು ಸುಡುತ್ತಿದೆ. ಎಲೆ ಕಿತ್ತು ಗೊಂಚಲಿಗೆ ಬೆಳಕು ಬಿಡುತ್ತಿದ್ದವರು ಈಗ ನೆರಳಿಗೆಂದು ಎಲೆ ಉಳಿಸುತ್ತಿದ್ದಾರೆ. ಚಳಿಯೆಂದು ಹಿಂದೆ ಬಿಟ್ಟುಹೋದ ಬದಿಯ ಕಣಿವೆಗಳಿಗೆ, ಎತ್ತರದ ಜಾಗಗಳಿಗೆ ಮತ್ತೆ ಬಳ್ಳಿ ಹತ್ತುತ್ತಿದೆ.

ಬಿಸಿಯೇರಿದರೆ ಹಿಮದ ಕಾಟ ತಪ್ಪೀತು ಎಂದುಕೊಂಡರೆ ಅದೂ ತಪ್ಪು ಲೆಕ್ಕ. ಮಾರ್ಚ್ ಬೆಚ್ಚಗಾದರೆ ಕಣ್ಣು ಬೇಗ ಒಡೆಯುತ್ತದೆ. ಏಪ್ರಿಲ್ ಕೊನೆಯ ಒಂದು ರಾತ್ರಿ ಸೊನ್ನೆಗಿಂತ ಕೆಳಗಿಳಿದರೆ ಎಳೆ ಚಿಗುರೆಲ್ಲ ಕರಕಲು. 2017ರ ಏಪ್ರಿಲ್‌ನಲ್ಲೂ 2024ರ ಏಪ್ರಿಲ್‌ನಲ್ಲೂ ಹೀಗೇ ಆಯಿತು. 2024ರಲ್ಲಿ ಸಾರ್ ಮತ್ತು ರೂವರ್ ಉಪನದಿಗಳ ಕಣಿವೆಗಳಲ್ಲಿ ಅನೇಕ ತೋಟಗಳ ಫಸಲಿನ ಬಹುಭಾಗ ಹೋಯಿತು. ರೀಸ್ಲಿಂಗ್ ತಡವಾಗಿ ಚಿಗುರುತ್ತದೆ ಎಂಬ ಹಳೆಯ ರಕ್ಷೆ ಈಗ ಸಾಲದು. ಚಳಿ ಬೇಕಾದ ಕಡೆ ಇಲ್ಲದಿರುವುದಕ್ಕೂ ಒಂದು ಉದಾಹರಣೆ ಇದೆ. ಐಸ್‌ವೈನ್ ಎಂಬ ಸಿಹಿ ವೈನಿಗೆ ಗೊಂಚಲು ಬಳ್ಳಿಯಲ್ಲೇ ಸೊನ್ನೆಗಿಂತ ಕನಿಷ್ಠ 7 ಡಿಗ್ರಿ ಕೆಳಗೆ ಹೆಪ್ಪುಗಟ್ಟಬೇಕು. ಕತ್ತಲಲ್ಲೇ ಕೊಯ್ದು, ಹೆಪ್ಪುಗಟ್ಟಿರುವಾಗಲೇ ಹಿಂಡಿದರೆ ನೀರು ಮಂಜುಗಡ್ಡೆಯಾಗಿ ಗಾಣದಲ್ಲೇ ಉಳಿದು ಜೇನಿನಂಥ ರಸ ಮಾತ್ರ ಇಳಿಯುತ್ತದೆ. 2019ರ ಬೆಳೆಯ ಹಣ್ಣು ಬಳ್ಳಿಯಲ್ಲಿ ಕಾದದ್ದೇ ಬಂತು. ಮುಂದಿನ ಚಳಿಗಾಲವೆಲ್ಲ ಕಳೆದರೂ ಜರ್ಮನಿಯ ವೈನ್ ಸೀಮೆಗಳಲ್ಲಿ ಹೆಚ್ಚೂಕಡಿಮೆ ಎಲ್ಲೂ ಅಷ್ಟು ಚಳಿ ಬೀಳಲಿಲ್ಲ.

ಇಷ್ಟಾದರೂ ಇಂದು ಈ ಇಳಿಜಾರುಗಳಿಗೆ ಹವೆಗಿಂತ ಹತ್ತಿರದ ಅಪಾಯ ಇನ್ನೊಂದಿದೆ: ಕೈಗಳ ಕೊರತೆ. ಬಯಲಿನ ತೋಟದಲ್ಲಿ ಯಂತ್ರ ಮಾಡುವ ಕೆಲಸವನ್ನು ಇಲ್ಲಿ ಮನುಷ್ಯರೇ ಮಾಡಬೇಕು. ಒಂದು ಹೆಕ್ಟೇರಿಗೆ ಬೇಕಾಗುವ ದುಡಿಮೆಯ ಗಂಟೆಗಳು ಬಯಲಿನದಕ್ಕಿಂತ ಹಲವು ಪಟ್ಟು. ಒಂಟಿ ಹಳಿಯ ಮೇಲೆ ಏರುವ ಸಣ್ಣ ಗಾಡಿಗಳು ಗೊಬ್ಬರವನ್ನೂ ಹಣ್ಣನ್ನೂ ಸಾಗಿಸುತ್ತವೆ ನಿಜ, ಆದರೆ ಗೊಂಚಲು ಕೊಯ್ಯುವುದು, ಕಡ್ಡಿ ಬಗ್ಗಿಸುವುದು, ಬಿದ್ದ ಗೋಡೆ ಕಟ್ಟುವುದು ಕೈಕೆಲಸವೇ. ಕೊಯ್ಲಿಗೆ ಪೋಲೆಂಡ್, ರೊಮೇನಿಯಾಗಳಿಂದ ಜನ ಬರುತ್ತಾರೆ. ಹಳ್ಳಿಯ ಮಕ್ಕಳು ನಗರಕ್ಕೆ ಹೋಗುತ್ತಾರೆ. ಬಿಟ್ಟ ತೋಟವನ್ನು ಕೆಲವೇ ವರ್ಷದಲ್ಲಿ ಮುಳ್ಳುಪೊದೆ ನುಂಗುತ್ತದೆ. ಪೊದೆ ಮುಚ್ಚಿದರೆ, ಬಿಸಿ ಬಂಡೆಗಳ ನಡುವೆ ಬದುಕುವ, ಈ ಕಣಿವೆಯಲ್ಲಿ ಮಾತ್ರ ಇರುವ ಮೊಸೆಲ್ ಅಪೋಲೋ ಚಿಟ್ಟೆಗೂ ನೆಲೆ ತಪ್ಪುತ್ತದೆ; ಅದರ ಸಂಖ್ಯೆ ಈಗಾಗಲೇ ತೀರಾ ಕುಸಿದಿದೆ.

ಉಳಿಸಿಕೊಳ್ಳುವ ದಾರಿಗಳೂ ಇಲ್ಲದಿಲ್ಲ. ಇದೇ ನದಿಯ ಕೂಸ್ ಎಂಬ ಊರಿನಲ್ಲಿ ಹುಟ್ಟಿದ ತತ್ತ್ವಜ್ಞಾನಿ ನಿಕೊಲಾಸ್ ಹದಿನೈದನೆಯ ಶತಮಾನದಲ್ಲಿ ತನ್ನ ಆಸ್ತಿಯನ್ನೆಲ್ಲ ಬರೆದಿಟ್ಟು, 33 ಮಂದಿ ವೃದ್ಧರಿಗಾಗಿ ಒಂದು ಆಶ್ರಮ ಕಟ್ಟಿಸಿದ. ಆ ಆಶ್ರಮದ ಹೆಸರಿನಲ್ಲಿ ದ್ರಾಕ್ಷಿ ತೋಟಗಳು ಇಂದಿಗೂ ಇವೆ, ವೃದ್ಧರಿಗೆ ಅಲ್ಲಿ ಇಂದಿಗೂ ಆಸರೆ ಇದೆ. ಕಾಲ್ಮೊಂಟ್ ಗುಡ್ಡದಲ್ಲಿ ಪಾಳುಬಿದ್ದಿದ್ದ ಕೆಲವು ಕಟ್ಟೆಗಳನ್ನು ಹೊಸ ತಲೆಮಾರಿನ ಬೆಳೆಗಾರರು ಮತ್ತೆ ಕಟ್ಟಿ ಬಳ್ಳಿ ನೆಟ್ಟಿದ್ದಾರೆ. ಆದರೆ ಒಟ್ಟು ಲೆಕ್ಕ ಇನ್ನೂ ಇಳಿಮುಖವೇ. 1990ರ ದಶಕದ ಆರಂಭದಲ್ಲಿ ಮೊಸೆಲ್ ಸೀಮೆಯಲ್ಲಿ 12,000 ಹೆಕ್ಟೇರಿಗೂ ಹೆಚ್ಚು ದ್ರಾಕ್ಷಿ ಇತ್ತು; ಈಗ ಇರುವುದು 9,000 ಹೆಕ್ಟೇರಿಗಿಂತ ಕಡಿಮೆ.